ಬಾಹ್ಯಾಕಾಶದಲ್ಲೂ ಕೊಲಂಬಸ್‌ನೇ ಬೇಕೆ?

2008ರ ಫೆಬ್ರವರಿ 7ರಂದು ಅಮೆರಿಕದ ಫ್ಲೋರಿಡಾದಿಂದ ಮೇಲೇರಿದ ಅಟ್ಲಾಂಟಿಸ್ ನೌಕೆಯ ಸರಕು ಕೋಣೆಯಲ್ಲಿ ಒಂದು ಇಡೀ ಪ್ರಯೋಗಾಲಯವೇ ಇತ್ತು. ಉದ್ದ ಸುಮಾರು 7 ಮೀಟರ್, ಅಡ್ಡಳತೆ ನಾಲ್ಕೂವರೆ ಮೀಟರ್, ಉಪಕರಣಗಳೂ ಸೇರಿ ತೂಕ ಹನ್ನೆರಡು ಟನ್ನಿಗೂ ಹೆಚ್ಚು. ಫೆಬ್ರವರಿ 11ರಂದು ಇಬ್ಬರು ಗಗನಯಾತ್ರಿಗಳು ಸುಮಾರು 8 ಗಂಟೆ ಹೊರಗೆ ತೇಲುತ್ತಾ ದುಡಿದರು. ಕೆನಡಾ ದೇಶ ಕಟ್ಟಿಕೊಟ್ಟ ಯಂತ್ರದ ತೋಳು ಆ ಪ್ರಯೋಗಾಲಯವನ್ನು ನೌಕೆಯಿಂದ ಎತ್ತಿ, ಇಟಲಿಯಲ್ಲಿ ತಯಾರಾದ 'ಹಾರ್ಮನಿ' ಎಂಬ ಕೋಣೆಯ ಬಲಬದಿಗೆ ಜೋಡಿಸಿತು. ಆಗ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ನಾಯಕತ್ವ ಒಬ್ಬ ಮಹಿಳೆಯದ್ದಾಗಿತ್ತು. ಆಕೆ ಪೆಗ್ಗಿ ವಿಟ್ಸನ್. ಮಾರನೆಯ ದಿನ ಬಾಗಿಲು ತೆರೆಯಿತು. ಜರ್ಮನಿಯ ಹಾನ್ಸ್ ಶ್ಲೇಗಲ್ ಮತ್ತು ಫ್ರಾನ್ಸಿನ ಲಿಯೊಪೋಲ್ಡ್ ಎಯ್ಹಾರ್ಟ್ಸ್ ಅದನ್ನು ಕೆಲಸಕ್ಕೆ ಸಜ್ಜುಗೊಳಿಸತೊಡಗಿದರು.

ಯುರೋಪಿನ ಹತ್ತು ದೇಶಗಳು ಸೇರಿ ಕಟ್ಟಿದ ಪ್ರಯೋಗಾಲಯವಿದು. ಚೌಕಟ್ಟು ಇಟಲಿಯ ಟ್ಯೂರಿನ್‌ನಲ್ಲಿ ಸಿದ್ಧವಾಯಿತು, ಜೋಡಣೆ ಜರ್ಮನಿಯ ಬ್ರೆಮನ್‌ನಲ್ಲಿ ನಡೆಯಿತು, ನಿಯಂತ್ರಣ ಕೇಂದ್ರ ಮ್ಯೂನಿಕ್ ಪಕ್ಕದಲ್ಲಿದೆ. ಒಂದೇ ಶತಮಾನದಲ್ಲಿ ಎರಡು ಬಾರಿ ಪರಸ್ಪರರ ಊರುಗಳನ್ನು ಸುಟ್ಟು ಬೂದಿ ಮಾಡಿದ ದೇಶಗಳು ಒಂದೇ ಸೂರಿನಡಿ ವಿಜ್ಞಾನ ಮಾಡುತ್ತವೆಂದರೆ ಅದು ಸಣ್ಣ ಮಾತಲ್ಲ. ಇದನ್ನು ಮೆಚ್ಚಲು ನಮಗೆ ಯಾವ ಸಂಕೋಚವೂ ಇಲ್ಲ. ನಮ್ಮ ತಕರಾರು ಇರುವುದು ಒಂದೇ ವಿಷಯದಲ್ಲಿ. ಆ ಪ್ರಯೋಗಾಲಯದ ಹೆಸರು ಕೊಲಂಬಸ್.

ಹೆಸರಿನಲ್ಲೇನಿದೆ ಎಂದು ಓದುಗರು ಕೇಳಬಹುದು. ಹೆಸರಿನಲ್ಲಿ ಬಹಳಷ್ಟಿದೆ ಎಂಬುದೇ ಈ ಬರಹದ ವಾದ.

ಅಲ್ಲಿ ನಡೆಯುವುದೇನು?

ಮೊದಲು ಆ ಕೋಣೆಯೊಳಗೆ ನಡೆಯುವ ಕೆಲಸವನ್ನು ನೋಡೋಣ. ಇಲ್ಲದಿದ್ದರೆ ನಮ್ಮ ತಕರಾರು ವಿಜ್ಞಾನದ ಮೇಲಿನ ಮುನಿಸೆಂದು ಯಾರಾದರೂ ತಿಳಿದಾರು.

ನಿಲ್ದಾಣವು ಸುಮಾರು 400 ಕಿ.ಮೀ. ಎತ್ತರದಲ್ಲಿ, ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಭೂಮಿಯನ್ನು ಸುತ್ತುತ್ತಿದೆ. ಒಂದು ಸುತ್ತಿಗೆ ಒಂದೂವರೆ ಗಂಟೆ, ದಿನಕ್ಕೆ ಹದಿನಾರು ಸುತ್ತು. ಅಷ್ಟು ಎತ್ತರದಲ್ಲಿ ಭೂಮಿಯ ಸೆಳೆತ ಇಲ್ಲವೆಂದಲ್ಲ. ನಿಲ್ದಾಣ ಮತ್ತು ಅದರೊಳಗಿನ ಸಕಲವೂ ಒಂದೇ ಸಮನೆ ಭೂಮಿಯತ್ತ ಬೀಳುತ್ತಲೇ ಇರುವುದರಿಂದ ಅಲ್ಲಿ ತೂಕವೆಂಬುದು ಅನುಭವಕ್ಕೆ ಬರುವುದಿಲ್ಲ. ತೂಕವಿಲ್ಲದಲ್ಲಿ ಬಿಸಿ ಗಾಳಿ ಮೇಲೇರುವುದಿಲ್ಲ, ನೀರಿನ ಕೆಸರು ತಳಕ್ಕಿಳಿಯುವುದಿಲ್ಲ, ಗಿಡದ ಬೇರಿಗೆ ಕೆಳಗೆ ಯಾವುದು ಮೇಲೆ ಯಾವುದು ಎಂಬುದು ತಿಳಿಯುವುದಿಲ್ಲ. ಭೂಮಿಯ ಮೇಲೆ ತೂಕದ ಹಿಂದೆ ಅಡಗಿರುವ ಅನೇಕ ಸಂಗತಿಗಳು ಅಲ್ಲಿ ಕಣ್ಣಿಗೆ ಬೀಳುತ್ತವೆ.

ಕೊಲಂಬಸ್‌ನ ಜೀವವಿಜ್ಞಾನ ವಿಭಾಗದಲ್ಲಿ ಮೊದಲು ನಡೆದ ಪ್ರಯೋಗವೇ ಸಾಸಿವೆಯ ಬಳಗದ ಒಂದು ಪುಟ್ಟ ಗಿಡದ ಬೇರುಗಳ ಕುರಿತಾಗಿತ್ತು. ಸೆಳೆತದ ಸುಳಿವಿಲ್ಲದಿದ್ದರೆ ಬೇರು ಹೇಗೆ ಬಳುಕುತ್ತದೆ, ಹೇಗೆ ಸುರುಳಿ ಸುತ್ತುತ್ತದೆ ಎಂಬ ಪರೀಕ್ಷೆ ಅದು. ದ್ರವಗಳ ಚಲನೆಯ ಅಧ್ಯಯನಕ್ಕೆ ಪ್ರತ್ಯೇಕ ಕಪಾಟಿದೆ, ಮನುಷ್ಯ ದೇಹದ ಅಧ್ಯಯನಕ್ಕೆ ಇನ್ನೊಂದು. ಬಾಹ್ಯಾಕಾಶದಲ್ಲಿ ಇರುವವರ ಸೊಂಟ, ತೊಡೆಗಳ ಮೂಳೆ ತಿಂಗಳಿಗೆ ಶೇಕಡಾ ಒಂದರಿಂದ ಒಂದೂವರೆಯಷ್ಟು ಸವೆಯುತ್ತದೆ. ಅದನ್ನು ತಡೆಯುವ ದಾರಿ ಗೊತ್ತಾದರೆ ಹಾಸಿಗೆ ಹಿಡಿದ ನಮ್ಮ ಅಜ್ಜಿಯಂದಿರ ಮೂಳೆಗೂ ಅದರಿಂದ ಉಪಕಾರವಾದೀತು. ಪ್ರಯೋಗಾಲಯದ ಹೊರಮೈಗೆ ಅಂಟಿಸಿದ್ದ ಒಂದು ಜಾತಿಯ ಕಲ್ಲುಹೂವು ಗಾಳಿಯಿಲ್ಲದೆ, ಸೂರ್ಯನ ಕಠೋರ ಕಿರಣಗಳಿಗೆ ಮೈಯೊಡ್ಡಿ ಒಂದೂವರೆ ವರ್ಷ ಬದುಕಿ ಬಂದಿತು. 2025ರ ಏಪ್ರಿಲ್‌ನಲ್ಲಿ ಅದೇ ಹೊರಮೈಗೆ ಅತಿ ನಿಖರವಾದ ಪರಮಾಣು ಗಡಿಯಾರಗಳನ್ನು ಅಳವಡಿಸಲಾಯಿತು. ಭೂಮಿಯ ಸೆಳೆತಕ್ಕೆ ತಕ್ಕಂತೆ ಕಾಲದ ನಡಿಗೆ ಬದಲಾಗುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದನ್ನು ಇನ್ನಷ್ಟು ಸೂಕ್ಷ್ಮವಾಗಿ ಪರೀಕ್ಷಿಸುವುದು ಅದರ ಉದ್ದೇಶ.

ಬೇರು, ಮೂಳೆ, ಕಲ್ಲುಹೂವು, ಗಡಿಯಾರ. ಇವುಗಳಲ್ಲಿ ಯಾವುದಕ್ಕೂ ಕತ್ತಿಯ ಅಗತ್ಯವಿಲ್ಲ. ಯಾರ ನೆಲವನ್ನೂ ಕಸಿಯಬೇಕಿಲ್ಲ. ಹಾಗಿರುವಾಗ ನೆಲ ಕಸಿದವನ ಹೆಸರು ಆ ಬಾಗಿಲ ಮೇಲೆ ಏಕೆ ಬಂತು?

ಹೆಸರಿಟ್ಟವರ ಮನಸ್ಸು

ನಿಲ್ದಾಣದ ಇತರ ಕೋಣೆಗಳ ಹೆಸರುಗಳನ್ನು ಗಮನಿಸಿ. 1998ರಲ್ಲಿ ಮೊದಲು ಹಾರಿದ ರಷ್ಯದ ಕೋಣೆ 'ಜರ್ಯಾ', ಅಂದರೆ ಮುಂಜಾವು. ಅದರ ಬೆನ್ನಿಗೇ ಬಂದ 'ಯುನಿಟಿ' ಎಂದರೆ ಒಗ್ಗಟ್ಟು. ಜಪಾನಿನ ಪ್ರಯೋಗಾಲಯ 'ಕಿಬೊ' ಎಂದರೆ ಭರವಸೆ. ಹಾರ್ಮನಿ ಎಂದರೆ ಸಾಮರಸ್ಯ. ಆ ಹೆಸರನ್ನು ಆರಿಸಿದ್ದು ಅಮೆರಿಕದ ಶಾಲಾ ಮಕ್ಕಳು. 2021ರಲ್ಲಿ ರಷ್ಯ ಸೇರಿಸಿದ ಪ್ರಯೋಗಾಲಯ 'ನೌಕಾ', ಅಂದರೆ ವಿಜ್ಞಾನ. ಮಕ್ಕಳ ಕೈಗೆ ಬಿಟ್ಟಾಗ ಸಾಮರಸ್ಯ ಎಂಬ ಹೆಸರು ಹುಟ್ಟಿತು. ಸಚಿವರು, ಅಧಿಕಾರಿಗಳು ಸೇರಿದಲ್ಲಿ ಕೊಲಂಬಸ್ ಹುಟ್ಟಿದ.

ಯುರೋಪಿನವರಿಗೆ ಒಳ್ಳೆಯ ಹೆಸರುಗಳು ಗೊತ್ತಿರಲಿಲ್ಲವೆಂದೂ ಅಲ್ಲ. ಅದೇ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ತನ್ನ ಸರಕು ನೌಕೆಗಳಿಗೆ ಕೆಪ್ಲರ್, ಐನ್‌ಸ್ಟೈನ್, ಜಾರ್ಜ್ ಲೆಮೆತ್ರ್ ಎಂಬ ಹೆಸರುಗಳನ್ನಿಟ್ಟಿತು. ಲೆಮೆತ್ರ್ ಒಬ್ಬ ಕ್ರೈಸ್ತ ಪಾದ್ರಿ. ವಿಶ್ವ ಹಿಗ್ಗುತ್ತಿದೆಯೆಂದು ಗಣಿತದಿಂದ ತೋರಿಸಿದವರು. ಅವರ ಹೆಸರಿಗೆ ನಾವು ಮನಸಾರೆ ಗೌರವ ಸಲ್ಲಿಸುತ್ತೇವೆ. ಆದ್ದರಿಂದ ನಮ್ಮ ತಕರಾರನ್ನು ಧರ್ಮದ ಜಗಳವೆಂದು ಯಾರೂ ಬಗೆಯಬೇಕಿಲ್ಲ. ಆರು ತಿಂಗಳು ಉರಿದು ಹೋಗುವ ಸರಕು ನೌಕೆಗೆ ವಿಜ್ಞಾನಿಯ ಹೆಸರು, ಹತ್ತಾರು ವರ್ಷ ಉಳಿಯುವ ಪ್ರಯೋಗಾಲಯಕ್ಕೆ ಆಕ್ರಮಣಕಾರನ ಹೆಸರು ಎಂಬುದೇ ಸೋಜಿಗ.

ಯೋಜನೆಗೆ ಯುರೋಪಿನ ಸಚಿವರು ಒಪ್ಪಿಗೆ ಕೊಟ್ಟದ್ದು 1985ರಲ್ಲಿ. ಇನ್ನು ಏಳು ವರ್ಷಕ್ಕೆ ಕೊಲಂಬಸ್‌ನ ಯಾನದ 500ನೇ ವರ್ಷ ಬರಲಿತ್ತು. ಆ ಸಂಭ್ರಮದ ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಯೋಜನೆ ಕುಂಟುತ್ತಾ ಸಾಗಿ ಪ್ರಯೋಗಾಲಯ ಹಾರುವಾಗ 2008 ಆಗಿತ್ತು. ಅಷ್ಟರಲ್ಲಿ ಜಗತ್ತು ಆ ಮನುಷ್ಯನ ಬಗ್ಗೆ ಸಾಕಷ್ಟು ಓದಿಕೊಂಡಿತ್ತು. ಆದರೂ ಹೆಸರು ಬದಲಾಗಲಿಲ್ಲ. ಬದಲಾಗುವುದಿರಲಿ, 2020ರಲ್ಲಿ ಅದೇ ಪ್ರಯೋಗಾಲಯದ ಹೊರಮೈಗೆ ಒಂದು ಖಾಸಗಿ ಜಗಲಿಯನ್ನು ಜೋಡಿಸಲಾಯಿತು. ಬಾಡಿಗೆ ಕೊಟ್ಟವರ ಉಪಕರಣಗಳನ್ನು ಇಡುವ ಜಾಗವದು. ಅದರ ಹೆಸರು 'ಬಾರ್ತೊಲೊಮಿಯೊ', ಕೊಲಂಬಸ್‌ನ ತಮ್ಮನ ಹೆಸರು. ಅಣ್ಣನ ಜೊತೆಗೆ ದ್ವೀಪವನ್ನು ಆಳಿದವನು. ಒಬ್ಬನು ಸಾಲದೆಂದು ಕುಟುಂಬವೇ ಮೇಲೇರಿತು!

ಅಳೆದವರು ಯಾರು, ಕಸಿದವರು ಯಾರು?

ಅಮೆರಿಕವನ್ನು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಕೊಲಂಬಸ್ ಎಂದು ಬರೆದು ಒಂದು ಅಂಕ ಪಡೆದವರು ನಾವೆಲ್ಲ. ಲಕ್ಷಾಂತರ ಜನ ಮನೆ ಕಟ್ಟಿ, ಜೋಳ ಬೆಳೆದು, ಮಕ್ಕಳು ಮರಿಗಳೊಂದಿಗೆ ಬದುಕುತ್ತಿದ್ದ ನೆಲವನ್ನು ಒಬ್ಬನು ಕಂಡುಹಿಡಿಯುವುದೆಂದರೇನು ಎಂದು ನಮ್ಮ ಮೇಷ್ಟ್ರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

1492ರ ಜನವರಿ 2ರಂದು ಸ್ಪೇನಿನ ಕೊನೆಯ ಮುಸ್ಲಿಮ್ ನಗರ ಗ್ರಾನಡಾ ಶರಣಾಯಿತು. ಅಲ್‌ಹಂಬ್ರಾದ ಗೋಪುರಗಳ ಮೇಲೆ ರಾಜಧ್ವಜ ಏರಿದ್ದನ್ನು ತಾನು ಕಣ್ಣಾರೆ ಕಂಡೆನೆಂದು ಕೊಲಂಬಸ್ ತನ್ನ ದಿನಚರಿಯ ಆರಂಭದಲ್ಲೇ ಬರೆದುಕೊಂಡಿದ್ದಾನೆ. ಮಾರ್ಚ್ 31ರಂದು ಯಹೂದಿಗಳು ದೇಶ ಬಿಡಬೇಕೆಂಬ ಆಜ್ಞೆ ಹೊರಟಿತು. ಏಪ್ರಿಲ್ 17ರಂದು ಗ್ರಾನಡಾದ ಮುತ್ತಿಗೆಗೆಂದು ಕಟ್ಟಿದ ಸಾಂತಾ ಫೆ ಎಂಬ ಪಾಳೆಯದ ಊರಿನಲ್ಲಿ ಕೊಲಂಬಸ್‌ನೊಂದಿಗೆ ಒಪ್ಪಂದವಾಯಿತು. ಕಂಡ ನೆಲಕ್ಕೆ ಅವನೇ ರಾಜಪ್ರತಿನಿಧಿ, ಬಂದ ಸಂಪತ್ತಿನಲ್ಲಿ ಹತ್ತನೇ ಒಂದು ಪಾಲು ಅವನಿಗೆ. ಆಗಸ್ಟ್ 3ರಂದು ಹಡಗುಗಳು ಹೊರಟವು. ಒಳಗಿನವರನ್ನು ಹೊರಗಟ್ಟಿದ್ದು, ಹೊರಗಿನವರ ನೆಲಕ್ಕೆ ಹೊರಟಿದ್ದು ಎರಡೂ ಒಂದೇ ವರ್ಷದ, ಒಂದೇ ಆಸ್ಥಾನದ ಕೆಲಸ.

ಇನ್ನು ಅವನ ವಿಜ್ಞಾನವನ್ನು ನೋಡೋಣ. ಪ್ರಯೋಗಾಲಯಕ್ಕೆ ಹೆಸರಾಗಲು ಅದಾದರೂ ಯೋಗ್ಯವೇ? ಒಂಬತ್ತನೇ ಶತಮಾನದಲ್ಲಿ ಖಲೀಫ ಅಲ್‌ಮಾಮೂನ್‌ನ ಕಾಲದ ವಿದ್ವಾಂಸರು ಸಿಂಜಾರಿನ ಬಯಲಿನಲ್ಲಿ ನಡೆದು, ನಕ್ಷತ್ರದ ಎತ್ತರ ನೋಡಿ, ಭೂಮಿಯ ಸುತ್ತಳತೆಯ ಒಂದು ಡಿಗ್ರಿಗೆ ಎಷ್ಟು ದೂರವೆಂದು ಅಳೆದರು. ಆ ಕಾಲದ ಖಗೋಳಜ್ಞ ಅಲ್‌ಫರ್ಗಾನಿ ತನ್ನ ಗ್ರಂಥದಲ್ಲಿ ದಾಖಲಿಸಿದ ಲೆಕ್ಕ ಡಿಗ್ರಿಗೆ ಐವತ್ತಾರೂ ಮೂರನೇ ಎರಡು ಮೈಲಿ. ಆ ಗ್ರಂಥ ಲ್ಯಾಟಿನ್ನಿಗೆ ಅನುವಾದವಾಗಿ ಯುರೋಪಿನ ವಿದ್ವಾಂಸರ ಕೈ ಸೇರಿತ್ತು. ಕೊಲಂಬಸ್ ಈ ಅಂಕಿಯನ್ನು ಎತ್ತಿಕೊಂಡ. ಆದರೆ ಅರಬ್ಬರ ಮೈಲಿ ಇಟಲಿಯ ಮೈಲಿಗಿಂತ ಉದ್ದವೆಂಬುದನ್ನು ಗಮನಿಸಲಿಲ್ಲ, ಅಥವಾ ಗಮನಿಸಲು ಇಷ್ಟಪಡಲಿಲ್ಲ. ಅವನ ಲೆಕ್ಕದಲ್ಲಿ ಭೂಮಿ ಕಾಲು ಭಾಗದಷ್ಟು ಕುಗ್ಗಿತು. ಏಷ್ಯಾದ ಉದ್ದವನ್ನು ಬೇರೆ ಹಿಗ್ಗಿಸಿಕೊಂಡಿದ್ದ. ಕೆನರಿ ದ್ವೀಪಗಳಿಂದ ಜಪಾನಿಗೆ 4,500 ಕಿ.ಮೀ. ಆಸುಪಾಸು ಎಂದು ಅವನ ಎಣಿಕೆ. ವಾಸ್ತವದಲ್ಲಿ ಅದು 20,000 ಕಿ.ಮೀ.ಗೆ ಹತ್ತಿರ. ಅವನ ಯೋಜನೆಯನ್ನು ತಿರಸ್ಕರಿಸಿದ ಪಂಡಿತರು ಭೂಮಿ ಚಪ್ಪಟೆಯೆಂದು ನಂಬಿದ್ದ ಮೂಢರೆಂದು ನಮಗೆ ಹೇಳಿಕೊಡಲಾಗಿತ್ತು. ನಿಜವೆಂದರೆ ಅವರಿಗೂ ಭೂಮಿ ಗುಂಡಗಿದೆಯೆಂದು ಗೊತ್ತಿತ್ತು. ದೂರದ ಲೆಕ್ಕದಲ್ಲಿ ಅವರೇ ಸರಿ, ಕೊಲಂಬಸ್ ತಪ್ಪು. ನಡುವೆ ಒಂದು ಖಂಡ ಅಡ್ಡ ಬಾರದಿದ್ದರೆ ಅವನೂ ಅವನ ಜೊತೆಗಾರರೂ ಸಮುದ್ರದ ಪಾಲಾಗುತ್ತಿದ್ದರು.

ಅಳತೆಯ ಏಕಮಾನವನ್ನು ತಪ್ಪಾಗಿ ಓದಿದವನ ಹೆಸರನ್ನು ಪರಮಾಣು ಗಡಿಯಾರಗಳಿರುವ ಪ್ರಯೋಗಾಲಯಕ್ಕೆ ಇಟ್ಟಿದ್ದಾರೆ. ಇದಕ್ಕಿಂತ ದೊಡ್ಡ ವ್ಯಂಗ್ಯ ಬೇಕೆ?

ಅಕ್ಟೋಬರ್ 12ರಂದು ಅವನು ಬಹಾಮದ ಒಂದು ದ್ವೀಪದಲ್ಲಿ ಇಳಿದ. ಧ್ವಜ ನೆಟ್ಟ. ಜೊತೆಗಿದ್ದ ದಸ್ತಾವೇಜು ಬರಹಗಾರನನ್ನು ಸಾಕ್ಷಿಯಾಗಿಸಿ, ಈ ನೆಲ ಸ್ಪೇನಿನ ದೊರೆಗಳದ್ದೆಂದು ಘೋಷಿಸಿದ. ಸುತ್ತ ನಿಂತಿದ್ದ ನೆಲದ ಒಡೆಯರಿಗೆ ಅವನ ಭಾಷೆಯ ಒಂದಕ್ಷರವೂ ತಿಳಿಯದು. ಏಷ್ಯಾದ ಪಟ್ಟಣಗಳಲ್ಲಿ ಅರಬಿ ನಡೆಯುತ್ತದೆಂದು ಭಾವಿಸಿ ಅರಬಿ ಬಲ್ಲ ಲೂಯಿಸ್ ದೆ ತೊರ್ರೆಸ್ ಎಂಬ ದುಭಾಷಿಯನ್ನು ಕರೆತಂದಿದ್ದ. ಆ ಅರಬಿ ಅಲ್ಲಿ ಯಾರಿಗೆ ಅರ್ಥವಾದೀತು? ಆದರೂ ಈ ಜನ ಒಳ್ಳೆಯ ಆಳುಗಳಾದಾರು, ಐವತ್ತು ಮಂದಿಯಿದ್ದರೆ ಇವರೆಲ್ಲರನ್ನೂ ಅಡಿಯಾಳಾಗಿಸಬಹುದು ಎಂಬ ಅರ್ಥದ ಮಾತುಗಳು ಮೊದಲ ಮೂರು ದಿನಗಳ ದಿನಚರಿಯಲ್ಲೇ ಇವೆ. 1495ರಲ್ಲಿ ಸಾವಿರಕ್ಕೂ ಹೆಚ್ಚು ತೈನೊ ಜನರನ್ನು ಹಿಡಿದು ತಂದು, ಅವರಲ್ಲಿ ಸುಮಾರು ಐನೂರು ಮಂದಿಯನ್ನು ಹಡಗಿಗೆ ತುಂಬಿ ಮಾರಲು ಕಳಿಸಿದರು. ಇನ್ನೂರರಷ್ಟು ಮಂದಿ ದಾರಿಯಲ್ಲೇ ಸತ್ತರು. ಹದಿನಾಲ್ಕು ದಾಟಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಗೊತ್ತಾದಷ್ಟು ಚಿನ್ನ ತಂದೊಪ್ಪಿಸಬೇಕೆಂಬ ಕಾನೂನು ಬಂತು. ಕತ್ತಿ, ಹಸಿವು, ಹೊರಗಿನಿಂದ ಬಂದ ರೋಗ ಇವೆಲ್ಲ ಸೇರಿ ಅರ್ಧ ಶತಮಾನದಲ್ಲಿ ಆ ದ್ವೀಪದ ಜನ ಬಹುತೇಕ ಅಳಿದುಹೋದರು.

ಈ ಕತೆ ನಮಗೆ ದೂರದ್ದೆಂದು ಯಾರೂ ಅಂದುಕೊಳ್ಳಬೇಕಿಲ್ಲ. ಅವನು ಹೊರಟಿದ್ದು 'ಇಂಡೀಸ್' ಹುಡುಕಿಕೊಂಡು. ಅವನಿಗೆ ತಪ್ಪಿದ ದಾರಿ ಆರು ವರ್ಷದ ಬಳಿಕ ವಾಸ್ಕೋ ಡ ಗಾಮನಿಗೆ ಸಿಕ್ಕಿತು. ಕಲ್ಲಿಕೋಟೆಯಿಂದ ಹಿಂದಿರುಗುವಾಗ ಗಾಮನ ಹಡಗುಗಳು ತಂಗಿದ್ದು ಕಾರವಾರದ ಮುಂದಿರುವ ಅಂಜದೀವ ದ್ವೀಪದಲ್ಲಿ. ಬಳಿಕ ನಮ್ಮ ಬಸರೂರು, ಮಂಗಳೂರು, ಉಳ್ಳಾಲಗಳು ಪೋರ್ಚುಗೀಸರ ಫಿರಂಗಿಗೆ ಗುರಿಯಾದವು. ತಲೆಮಾರುಗಳಿಂದ ಯಾರ ಅಪ್ಪಣೆಯೂ ಬೇಡದೆ ಮಸ್ಕತ್ತಿಗೂ ಏಡನ್ನಿಗೂ ಹೋಗಿ ಬರುತ್ತಿದ್ದ ಹಡಗುಗಳು 'ಕರ್ತಾಜ್' ಎಂಬ ಪೋರ್ಚುಗೀಸ್ ರಹದಾರಿ ಚೀಟಿ ಪಡೆಯಬೇಕಾಯಿತು. ಚೀಟಿ ಇಲ್ಲದ ಹಡಗನ್ನು ದೋಚಿದರು. ಉಳ್ಳಾಲದ ರಾಣಿ ಅಬ್ಬಕ್ಕ ಎದುರು ನಿಂತದ್ದು ಈ ದರ್ಪಕ್ಕೆ. ಆದ್ದರಿಂದ ಅಬ್ಬಕ್ಕನ ನಾಡಿನವರಿಗೆ ಕೊಲಂಬಸ್‌ನ ಹೆಸರಿನ ಬಗ್ಗೆ ಮಾತನಾಡುವ ಅಧಿಕಾರ ಖಂಡಿತ ಇದೆ.

ಆ ಕಾಲವೇ ಹಾಗಿತ್ತೆ?

ಎಲ್ಲರೂ ಮುಂದಿಡುವ ಒಂದು ಸಮಾಧಾನವಿದೆ. ಆ ಕಾಲವೇ ಹಾಗಿತ್ತು, ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದು ಎಂಬುದು. ಸರಿ, ಅಂದಿನ ಅಳತೆಗೋಲನ್ನೇ ತೆಗೆದುಕೊಳ್ಳೋಣ. 1500ರಲ್ಲಿ ಸ್ಪೇನಿನ ದೊರೆಗಳೇ ಕಳಿಸಿದ ಅಧಿಕಾರಿ, ವಸಾಹತುಗಾರರ ದೂರುಗಳನ್ನು ಕೇಳಿ, ಕೊಲಂಬಸ್‌ನಿಗೆ ಬೇಡಿ ತೊಡಿಸಿ ಹಿಂದೆ ಕಳಿಸಿದ. ಅದೇ ವರ್ಷ ರಾಣಿ ಇಸಬೆಲ್ಲ ಗುಲಾಮರಾಗಿ ಬಂದಿದ್ದ ಕೆಲವರನ್ನು ಬಿಡಿಸಿ ಅವರ ದ್ವೀಪಕ್ಕೆ ಮರಳಿಸಲು ಆಜ್ಞಾಪಿಸಿದಳು. 1511ರಲ್ಲಿ ಮೊಂತೆಸಿನೊಸ್ ಎಂಬ ಪಾದ್ರಿ ಅದೇ ದ್ವೀಪದ ಚರ್ಚಿನಲ್ಲಿ ನಿಂತು, ಇವರೂ ಮನುಷ್ಯರಲ್ಲವೇ ಎಂದು ತನ್ನ ಜನರನ್ನೇ ಕೇಳಿದ. ಲಾಸ್ ಕಸಾಸ್ ತನ್ನ ಪಾಲಿಗೆ ಬಂದಿದ್ದ ಆಳುಗಳನ್ನು ಬಿಟ್ಟುಕೊಟ್ಟು, ಕಂಡದ್ದನ್ನೆಲ್ಲ ಬರೆದಿಟ್ಟ. ಅಂದರೆ ಆ ಕಾಲದಲ್ಲೂ ಅನ್ಯಾಯವನ್ನು ಅನ್ಯಾಯವೆಂದು ಕರೆದವರಿದ್ದರು. ಅವರು ಕ್ರೈಸ್ತರೇ, ಸ್ಪೇನಿನವರೇ. ಅವರ ಹೆಸರುಗಳು ಯಾರಿಗೂ ನೆನಪಾಗಲಿಲ್ಲ.

ಧೈರ್ಯಶಾಲಿ ನಾವಿಕನಲ್ಲವೇ ಎನ್ನುವವರಿದ್ದಾರೆ. ಹೌದು, ಕಡಲನ್ನು ಬಲ್ಲವನು, ಗಾಳಿಯನ್ನು ಬಲ್ಲವನು. ಹೋಗುವಾಗ ಒಂದು ಗಾಳಿ, ಬರುವಾಗ ಇನ್ನೊಂದು ಗಾಳಿ ಹಿಡಿದು ಅಟ್ಲಾಂಟಿಕ್ ದಾಟಿ ಮರಳಿದ್ದು ನಿಜವಾದ ಸಾಧನೆ. ಅದನ್ನು ಇತಿಹಾಸದ ಪುಸ್ತಕದಲ್ಲಿ ಬರೆಯಿರಿ, ಬೇಡವೆನ್ನುವುದಿಲ್ಲ. ಆದರೆ ಇತಿಹಾಸದಲ್ಲಿ ದಾಖಲಿಸುವುದು ಬೇರೆ, ಬಾಗಿಲ ಮೇಲೆ ಹೆಸರು ಕೆತ್ತುವುದು ಬೇರೆ. ಮೊದಲನೆಯದು ಅರಿವು, ಎರಡನೆಯದು ಮೆಚ್ಚುಗೆ.

ಹಳೆಯ ಗಾಯವಲ್ಲ, ಹೊಸ ಅಪಾಯ

ಸತ್ತು ಐನೂರು ವರ್ಷವಾದವನ ಮೇಲೆ ಇಷ್ಟು ಕೋಪವೇಕೆ ಎಂದರೆ, ಅವನ ರೀತಿ ಇನ್ನೂ ಸತ್ತಿಲ್ಲ. ಬಾಹ್ಯಾಕಾಶ ಯಾರ ಸ್ವತ್ತೂ ಅಲ್ಲ, ಯಾವ ದೇಶವೂ ಅದರ ಮೇಲೆ ಒಡೆತನ ಸಾಧಿಸುವಂತಿಲ್ಲ ಎಂದು 1967ರ ಬಾಹ್ಯಾಕಾಶ ಒಪ್ಪಂದ ಹೇಳುತ್ತದೆ. ಅಮೆರಿಕ, ರಷ್ಯ, ಯುರೋಪಿನ ದೇಶಗಳು, ಭಾರತ ಎಲ್ಲವೂ ಅದಕ್ಕೆ ಸಹಿ ಹಾಕಿವೆ. 1492ರ ಅಕ್ಟೋಬರ್ 12ರಂದು ನಡೆದದ್ದು ಮತ್ತೆ ನಡೆಯಬಾರದೆಂದೇ ಬರೆದಂತಿರುವ ಕಾನೂನದು. ಆ ಕಾನೂನಿನ ನೆರಳಿನಲ್ಲಿ ಸುತ್ತುವ ಪ್ರಯೋಗಾಲಯಕ್ಕೆ ಧ್ವಜ ನೆಟ್ಟವನ ಹೆಸರು!

2015ರಲ್ಲಿ ಅಮೆರಿಕ ತನ್ನದೇ ಒಂದು ಕಾನೂನು ಮಾಡಿ, ಬಾಹ್ಯಾಕಾಶದಲ್ಲಿ ಗಣಿ ತೋಡಿದ ತನ್ನ ಕಂಪೆನಿಗಳಿಗೆ ತೋಡಿದ್ದರ ಮೇಲೆ ಹಕ್ಕು ಕೊಟ್ಟಿತು. ನೆಲ ನಮ್ಮದಲ್ಲ, ತೆಗೆದದ್ದು ಮಾತ್ರ ನಮ್ಮದು ಎಂಬ ವಾದ. ನಮ್ಮ ಬಳ್ಳಾರಿಯ ಕೆಂಪು ಧೂಳನ್ನು ಕಂಡವರಿಗೆ ತೆಗೆದದ್ದಷ್ಟೇ ಎಂಬ ಮಾತಿನ ಅರ್ಥ ವಿವರಿಸಬೇಕಿಲ್ಲ. 2025ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಅಮೆರಿಕದ ಅಧ್ಯಕ್ಷರು ತಮ್ಮ ಮೊದಲ ಭಾಷಣದಲ್ಲೇ ಮಂಗಳ ಗ್ರಹದಲ್ಲಿ ಅಮೆರಿಕದ ಧ್ವಜ ನೆಡುವ ಮಾತಾಡಿದರು. ಮಂಗಳದಲ್ಲಿ ವಸಾಹತು ಎಂಬ ಮಾತು ಕೋಟ್ಯಧಿಪತಿಗಳ ಬಾಯಲ್ಲಿ ನಲಿದಾಡುತ್ತಿದೆ. ವಸಾಹತು ಎಂದರೇನೆಂದು ಅನುಭವಿಸಿದವರು ನಾವು. ಮಾಡಿದವರಿಗೆ ಆ ಮಾತಿನಲ್ಲಿ ಕನಸು ಕೇಳಿಸಿದರೆ, ಉಂಡವರಿಗೆ ಸರಪಳಿ ಕೇಳಿಸುತ್ತದೆ.

ನಿಲ್ದಾಣದ ಒಳಗೂ ಈ ಲೆಕ್ಕಾಚಾರವಿದೆ. ಯುರೋಪ್ ತನ್ನ ಪ್ರಯೋಗಾಲಯವನ್ನು ಹಾರಿಸಿಕೊಟ್ಟ ಋಣಕ್ಕಾಗಿ ಅಮೆರಿಕಕ್ಕೆ ಎರಡು ಕೋಣೆಗಳನ್ನು ಕಟ್ಟಿಕೊಟ್ಟಿತು. ಕೊಲಂಬಸ್‌ನಲ್ಲಿ ಯುರೋಪಿಗೆ ಶೇ. 51, ಅಮೆರಿಕಕ್ಕೆ ಶೇ. 46.7ರಷ್ಟು ಪಾಲು. 2011ರಲ್ಲಿ ಅಮೆರಿಕದ ಸಂಸತ್ತು ಚೀನಾದೊಂದಿಗೆ ನಾಸಾ ನೇರ ಸಹಕಾರ ಮಾಡದಂತೆ ಕಟ್ಟು ಹಾಕಿತು. ಚೀನಾ ತನ್ನದೇ ನಿಲ್ದಾಣ ಕಟ್ಟಿ, 2022ರಲ್ಲಿ ಅದಕ್ಕೆ ಎರಡು ಪ್ರಯೋಗಾಲಯಗಳನ್ನು ಸೇರಿಸಿತು. ಆಕಾಶಕ್ಕೆ ಬೇಲಿ ಹಾಕಲು ಹೊರಟರೆ ಎರಡು ಆಕಾಶಗಳಾಗುತ್ತವೆ, ಅಷ್ಟೆ.

ನಮ್ಮ ಮನೆಯ ಕಸ

ಇಷ್ಟು ಹೇಳಿ ನಿಲ್ಲಿಸಿದರೆ ಓದುಗರು ಚಪ್ಪಾಳೆ ತಟ್ಟಿಯಾರು. ಆದರೆ ಅದು ಅರ್ಧ ಸತ್ಯವಾದೀತು.

ಹನ್ನೊಂದನೇ ಶತಮಾನದಲ್ಲಿ ಅಲ್‌ಬಿರೂನಿ ಎಂಬ ವಿದ್ವಾಂಸ ನಂದನ ಎಂಬ ಕೋಟೆಯ ಬಳಿಯ ಬೆಟ್ಟ ಹತ್ತಿ, ದಿಗಂತ ಬಾಗಿದ ಕೋನವನ್ನು ನೋಡಿ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದ. ಸಂಸ್ಕೃತ ಕಲಿತು ಭಾರತದ ಬಗ್ಗೆ ಗ್ರಂಥ ಬರೆದ. ಘಜ್ನಿಯ ಮಹಮೂದನ ಆಶ್ರಯದಲ್ಲಿದ್ದರೂ, ಆತನ ದಾಳಿಗಳು ಈ ನಾಡಿನ ಸಮೃದ್ಧಿಯನ್ನು ಹಾಳುಗೆಡವಿದವೆಂದು ಬರೆಯಲು ಹಿಂಜರಿಯಲಿಲ್ಲ. ಆ ನಂದನ ಕೋಟೆ ಇಂದು ಪಾಕಿಸ್ತಾನದ ಪಂಜಾಬಿನಲ್ಲಿದೆ. ಆದರೆ ಪಾಕಿಸ್ತಾನ ತನ್ನ ಕ್ಷಿಪಣಿಗಳಿಗಿಟ್ಟ ಹೆಸರುಗಳು ಯಾವುವು? ಘಜ್ನವಿ, ಘೋರಿ, ಅಬ್ದಾಲಿ. ಅಳೆದವನನ್ನು ಮರೆತು ಕಸಿದವರನ್ನು ಮೆರೆಸುವ ಕಾಯಿಲೆ ಯುರೋಪಿಗೆ ಮಾತ್ರ ಅಂಟಿದ್ದಲ್ಲ. ಕೊಲಂಬಸ್ ಬೇಡವೆನ್ನುವ ನಾಲಿಗೆಗೆ ಘಜ್ನವಿಯೂ ಬೇಡವೆನ್ನುವ ನಿಷ್ಠುರತೆ ಇರಬೇಕು. ಇಲ್ಲದಿದ್ದರೆ ಅದು ನ್ಯಾಯದ ಮಾತಲ್ಲ, ಪಕ್ಷದ ಮಾತು.

ಇನ್ನೊಂದು ಸಂಗತಿ. 2007ರಲ್ಲಿ ಮಲೇಷ್ಯಾದ ಶೇಖ್ ಮುಝಫ್ಫರ್ ಶುಕೂರ್ ರಮಝಾನ್ ತಿಂಗಳಲ್ಲೇ ನಿಲ್ದಾಣಕ್ಕೆ ಹೋದಾಗ ನಮ್ಮ ಅನೇಕರು ಹಿಗ್ಗಿದರು. ಆ ಆಸನ ಹೇಗೆ ಸಿಕ್ಕಿತು ಎಂದು ಕೇಳಿದವರು ಕಡಿಮೆ. ಮಲೇಷ್ಯಾ ರಷ್ಯದಿಂದ ಹದಿನೆಂಟು ಸುಖೋಯ್ ಯುದ್ಧ ವಿಮಾನಗಳನ್ನು ಖರೀದಿಸಿದ ವ್ಯವಹಾರದ ಜೊತೆಗೆ ಬಂದ ಆಸನವದು. ತೈಲ ಸಂಪತ್ತಿನ ದೇಶಗಳು ಟಿಕೆಟ್ ಕೊಂಡು ತಮ್ಮವರನ್ನು ಕಳಿಸಿವೆ. 2023ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಸುಲ್ತಾನ್ ಅಲ್ ನಿಯಾದಿ ಆರು ತಿಂಗಳು ಅಲ್ಲಿದ್ದು ದುಡಿದು ಬಂದದ್ದು, ಅದೇ ವರ್ಷ ಸೌದಿಯ ರಯ್ಯಾನಾ ಬರ್ನಾವಿ ಎಂಬ ಸಂಶೋಧಕಿ ಹೋಗಿ ಬಂದದ್ದು ಸಂತಸದ ಸಂಗತಿಗಳೇ. ಆದರೆ ಇಡೀ ನಿಲ್ದಾಣದಲ್ಲಿ ಒಂದೇ ಒಂದು ಪ್ರಯೋಗಾಲಯವನ್ನಾದರೂ ಮುಸ್ಲಿಮ್ ದೇಶವೊಂದು ಕಟ್ಟಿಲ್ಲ. ಬಾಡಿಗೆ ಮನೆಯವನು ಬಾಗಿಲ ಮೇಲಿನ ಹೆಸರಿನ ಬಗ್ಗೆ ಮುನಿಸಿಕೊಂಡರೆ ಮಾಲೀಕ ನಕ್ಕು ಸುಮ್ಮನಾಗುತ್ತಾನೆ. ಅಲ್‌ಫರ್ಗಾನಿ ನಮ್ಮವನು, ಅಂದಲುಸ್ ನಮ್ಮದು ಎಂದು ವೇದಿಕೆಗಳಲ್ಲಿ ಎದೆ ತಟ್ಟಿಕೊಳ್ಳುವ ನಾವು, ನಮ್ಮ ಮೊಹಲ್ಲಾದ ಶಾಲೆಯಲ್ಲಿ ಒಂದು ಒಳ್ಳೆಯ ಸೂಕ್ಷ್ಮದರ್ಶಕ ಇದೆಯೇ, ಹತ್ತನೇ ತರಗತಿಯ ಬಳಿಕ ವಿಜ್ಞಾನ ಓದಬೇಕೆನ್ನುವ ಹುಡುಗಿಯನ್ನು ಮನೆಯವರು ಕಳಿಸುತ್ತಾರೆಯೇ ಎಂದು ಕೇಳಿಕೊಂಡಿದ್ದೇವೆಯೇ? ಪೂರ್ವಜರ ಸಾಧನೆಯನ್ನು ಹಾಡಿಕೊಂಡು ಕೂರುವುದು ಸುಲಭ. ಅಲ್‌ಫರ್ಗಾನಿಗೆ ನಾವು ಸಲ್ಲಿಸಬಹುದಾದ ಗೌರವ ಅಳೆಯುವುದನ್ನು ಮುಂದುವರಿಸುವುದೇ ಹೊರತು ಬೇರೆ ಅಲ್ಲ.

ಮುಂದಿನ ಬಾಗಿಲಿಗೆ ಯಾವ ಹೆಸರು?

1975ರಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ ತಯಾರಾಯಿತು. ನೇತೃತ್ವ ಉಡುಪಿಯ ಕಡೆಯ ಯು.ಆರ್. ರಾಯರದ್ದು. ಬಡ ದೇಶ, ಸಾಲದ್ದಕ್ಕೆ ಹೊಸ ಕೆಲಸ. ಗೆದ್ದ ಯಾವ ದೊರೆಯ ಹೆಸರನ್ನು ಇಟ್ಟಿದ್ದರೂ ಕೇಳುವವರಿರಲಿಲ್ಲ. ಆದರೆ ಅದಕ್ಕೆ ಇಟ್ಟದ್ದು ಆರ್ಯಭಟನ ಹೆಸರು. ಒಬ್ಬ ಗಣಿತಜ್ಞ, ಒಬ್ಬ ಅಳೆದವನು. ಮುಂದಿನ ಉಪಗ್ರಹಕ್ಕೆ ಭಾಸ್ಕರನ ಹೆಸರು. ಕೊಲಂಬಸ್ ಎಂಬ ಹೆಸರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಕಾಣುವುದಿಲ್ಲ.

2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತಾರಾಷ್ಟ್ರೀಯ ನಿಲ್ದಾಣಕ್ಕೆ ಹೋಗಿ 18 ದಿನ ಇದ್ದು ಬಂದರು. ಅವರ ಜೊತೆ ಹೋದದ್ದರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐಐಟಿ ಸೇರಿ ರೂಪಿಸಿದ ಪ್ರಯೋಗವೂ ಒಂದು. ಹೆಸರುಕಾಳು, ಮೆಂತ್ಯ ಬಾಹ್ಯಾಕಾಶದಲ್ಲಿ ಹೇಗೆ ಮೊಳಕೆಯೊಡೆಯುತ್ತವೆಂದು ನೋಡುವ ಪ್ರಯೋಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನೀರುಕರಡಿ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯನ್ನು ಕಳಿಸಿತ್ತು. ನಮ್ಮ ಅಡುಗೆ ಮನೆಯ ಡಬ್ಬಿಯಲ್ಲಿರುವ ಕಾಳು ಭೂಮಿಯನ್ನು ದಿನಕ್ಕೆ ಹದಿನಾರು ಸಲ ಸುತ್ತುತ್ತಾ ಮೊಳೆಯಿತು. ಅದು ಯಾರ ನೆಲವನ್ನೂ ತನ್ನದೆನ್ನಲಿಲ್ಲ. ವಿಜ್ಞಾನ ಹೋಗಬೇಕಾದದ್ದು ಹೀಗೆ.

ಅಂತಾರಾಷ್ಟ್ರೀಯ ನಿಲ್ದಾಣಕ್ಕೆ ವಯಸ್ಸಾಗಿದೆ. ಈ ದಶಕ ಮುಗಿದ ಬಳಿಕ ಅದನ್ನು ಪೆಸಿಫಿಕ್ ಸಾಗರದ ನಿರ್ಜನ ಭಾಗಕ್ಕೆ ಇಳಿಸುವ ಯೋಜನೆಯನ್ನು ನಾಸಾ ಹಾಕಿಕೊಂಡಿದೆ. ಆಗ ಕೊಲಂಬಸ್ ಪ್ರಯೋಗಾಲಯವೂ ಗಾಳಿಯಲ್ಲಿ ಉರಿದು, ಉಳಿದದ್ದು ನೀರಿಗೆ ಸೇರುತ್ತದೆ. ಹೆಸರು ತಾನಾಗಿಯೇ ಅಳಿಯುತ್ತದಲ್ಲ ಎಂದು ನಾವು ಸುಮ್ಮನಿರಬಹುದಿತ್ತು. ಆದರೆ ಅದರ ಜಾಗಕ್ಕೆ ಹೊಸ ನಿಲ್ದಾಣಗಳು ಬರಲಿವೆ. ಕಂಪೆನಿಗಳ ನಿಲ್ದಾಣಗಳು ಬರಲಿವೆ. ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಕೋಣೆಯನ್ನು 2028ರಲ್ಲಿ ಹಾರಿಸುವ, 2035ರೊಳಗೆ ಅದನ್ನು ಪೂರ್ಣಗೊಳಿಸುವ ಗುರಿಯನ್ನು ನಮ್ಮ ದೇಶ ಇಟ್ಟುಕೊಂಡಿದೆ. ಆ ಬಾಗಿಲುಗಳ ಮೇಲೆ ಯಾವ ಹೆಸರು ಬರೆಯಬೇಕೆಂಬ ಪ್ರಶ್ನೆ ಇನ್ನೂ ತೆರೆದೇ ಇದೆ.

ಈಗ ಬೀದಿಯ ಹೆಸರಿಗಾಗಿ, ಊರಿನ ಹೆಸರಿಗಾಗಿ, ರೈಲು ನಿಲ್ದಾಣದ ಹೆಸರಿಗಾಗಿ ಕಚ್ಚಾಡುವುದು ನಮ್ಮಲ್ಲಿ ರಾಜಕಾರಣವಾಗಿಬಿಟ್ಟಿದೆ. ನಾಳೆ ಅದು ಬಾಹ್ಯಾಕಾಶಕ್ಕೂ ಏರುವುದು ಬೇಡ. ಯಾವ ದೇಶದವರಾಗಲಿ, ಯಾವ ಧರ್ಮದವರಾಗಲಿ, ಪ್ರಯೋಗಾಲಯಕ್ಕೆ ಹೆಸರಿಡುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಲಿ. ಈ ಮನುಷ್ಯ ಲೋಕವನ್ನು ಅಳೆದವನೇ, ಕಸಿದವನೇ? ಅಳೆದವನಾದರೆ ಆತ ಯಾರ ಮಗನಾದರೂ ಸರಿ, ಬರೆಯಿರಿ. ಕಸಿದವನಾದರೆ ಆತ ನಮ್ಮವನೇ ಆದರೂ ಬೇಡ.